ಮೂರು ಮೂಲೆಯ ಅತಿಥಿ

ಸಂಜೆಯ ಕಾಫಿಯೊಡನೆ ತಟ್ಟೆಗೆ ಬಂದು ಕೂಡುವ ಸಮೋಸದ ಹೆಸರು ಸಾವಿರ ವರ್ಷಗಳ ದಾರಿ ನಡೆದು ಬಂದಿದೆ. ಆ ದಾರಿಯಲ್ಲಿ ಅದು ಕಳೆದುಕೊಂಡದ್ದೇನು, ಗಳಿಸಿಕೊಂಡದ್ದೇನು?

ಸಂಜೆ ಐದು ಗಂಟೆಯ ಸಮಯ. ಮನೆಗೆ ಹೇಳದೆ ಕೇಳದೆ ನೆಂಟರು ಬಂದಿದ್ದಾರೆ. ಒಲೆಯ ಮೇಲೆ ಕಾಫಿಗೆ ನೀರೇನೋ ಕಾಯುತ್ತಿದೆ, ಆದರೆ ತಿಂಡಿ ಮಾಡುವಷ್ಟು ವ್ಯವಧಾನವಿಲ್ಲ. ಮನೆಯೊಡತಿ ಹುಡುಗನ ಕೈಗೆ ಹಣ ಕೊಟ್ಟು ಬೀದಿಯ ಕೊನೆಯ ಅಂಗಡಿಗೆ ಓಡಿಸುತ್ತಾಳೆ. ಹತ್ತು ನಿಮಿಷದಲ್ಲಿ ಎಣ್ಣೆ ಹೀರಿ ಅಲ್ಲಲ್ಲಿ ಪಾರದರ್ಶಕವಾದ ಕಾಗದದ ಪೊಟ್ಟಣವೊಂದು ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಓಮದ ಘಮ ನಡುಮನೆಯನ್ನು ತುಂಬುತ್ತದೆ. ಬಂದವರು “ಇದೆಲ್ಲ ಏಕೆ?” ಎನ್ನುತ್ತಲೇ ಕೈ ಚಾಚುತ್ತಾರೆ.

ಇಂಥ ಹೊತ್ತಿನಲ್ಲಿ ಮಾತು ತಿಂಡಿಯ ಸುತ್ತಲೇ ಸುಳಿಯುವುದು ಸಹಜ. ಮನೆಯ ಹಿರಿಯರು ಇದು ಪಂಜಾಬಿನ ತಿಂಡಿ ಎನ್ನುತ್ತಾರೆ. ಕಲ್ಕತ್ತೆಯಲ್ಲಿ ನೌಕರಿ ಮಾಡಿ ಬಂದ ನೆಂಟರು, ಅಲ್ಲಿ ಇದನ್ನು ‘ಶಿಂಗಾಡಾ’ ಎನ್ನುತ್ತಾರೆ, ಹೆಸರು ಶುದ್ಧ ಸಂಸ್ಕೃತದಿಂದ ಬಂದದ್ದು ಎಂದು ವಾದಿಸುತ್ತಾರೆ. ಪತ್ರಿಕೆ ಓದುವ ಚಾಳಿಯ ಸೋದರಮಾವ, ಅದೆಲ್ಲ ಸುಳ್ಳು, ಇದು ಇರಾನಿನಿಂದ ಬಂದದ್ದು ಎಂದು ತೀರ್ಪು ಕೊಡುತ್ತಾನೆ. ಅಷ್ಟು ಹೊತ್ತು ಸುಮ್ಮನೆ ತಿನ್ನುತ್ತಿದ್ದ ಶಾಲೆಯ ಹುಡುಗಿ ತಲೆಯೆತ್ತಿ ಕೇಳುತ್ತಾಳೆ: “ಹಾಗಾದರೆ ಸಮೋಸ ನಮ್ಮದಲ್ಲವೇ ಮಾವ?”

ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಬಾಗ್ದಾದಿನಿಂದ ದೆಹಲಿಗೆ, ದೆಹಲಿಯಿಂದ ಆಫ್ರಿಕದ ಕರಾವಳಿಗೆ ಹಬ್ಬಿದೆ. ತಿಂಡಿಯೊಂದು ಎಲ್ಲಿಯದೆಂದು ತಿಳಿಯಬೇಕಾದರೆ ಅದರ ಹೂರಣವನ್ನು ನೋಡಿ ಪ್ರಯೋಜನವಿಲ್ಲ. ಹೂರಣ ಊರಿಗೊಂದು ಬಗೆಯಾಗಿ ಬದಲಾಗುತ್ತದೆ. ಬಹುಕಾಲ ನಿಲ್ಲುವುದು ಹೆಸರು. ಆದ್ದರಿಂದ ಸಾಕ್ಷಿಯ ಕಟಕಟೆಗೆ ಮೊದಲು ಕರೆಯಬೇಕಾದದ್ದು ಹೆಸರನ್ನೇ.

ಬಾಲ ಕಳೆದುಕೊಂಡ ಪದ

ಸಮೋಸ ಎಂಬ ಪದದ ಹಳೆಯ ರೂಪ ‘ಸಂಬೋಸಗ್’. ಇದು ಇಸ್ಲಾಂ ಧರ್ಮ ಬರುವುದಕ್ಕೆ ಮುಂಚೆ ಇರಾನಿನಲ್ಲಿ ಆಡುತ್ತಿದ್ದ ಮಧ್ಯಕಾಲದ ಪರ್ಷಿಯನ್ ಭಾಷೆಯ ಹೆಜ್ಜೆಗುರುತನ್ನು ಹೊತ್ತ ಪದ. ಆ ಭಾಷೆಯಲ್ಲಿ ಅನೇಕ ನಾಮಪದಗಳು ‘ಅಗ್’ ಎಂಬ ಬಾಲದೊಡನೆ ಕೊನೆಗೊಳ್ಳುತ್ತಿದ್ದುವು. ಅರಬರು ಇರಾನನ್ನು ಗೆದ್ದ ಬಳಿಕ ಅಲ್ಲಿನ ಅಡಿಗೆಗೆ ಮಾರುಹೋದರು. ಅಡಿಗೆಯ ಜೊತೆಗೆ ಹೆಸರುಗಳನ್ನೂ ಕೊಂಡೊಯ್ದರು. ಆದರೆ ಅರಬ್ಬಿಯಲ್ಲಿ ‘ಗ’ಕಾರಕ್ಕೆ ಅಕ್ಷರವಿರಲಿಲ್ಲ. ಹೀಗಾಗಿ ‘ಸಂಬೋಸಗ್’ ಎಂಬುದು ಅವರ ಬಾಯಲ್ಲಿ ‘ಸಂಬೂಸಜ್’ ಆಯಿತು. ಕೆಲವೆಡೆ ‘ಸಂಬೂಸಕ್’ ಆಯಿತು. ಇತ್ತ ಇರಾನಿನಲ್ಲಿಯೇ ಕಾಲಕ್ರಮದಲ್ಲಿ ಆ ಬಾಲ ತಾನಾಗಿ ಉದುರಿ ‘ಸಂಬೂಸಾ’ ಉಳಿಯಿತು.

ಇದು ಸಮೋಸವೊಂದಕ್ಕೇ ಒದಗಿದ ಗತಿಯಲ್ಲ. ಬೇಸಗೆಯಲ್ಲಿ ಮಕ್ಕಳು ಬಯಸಿ ಕುಡಿಯುವ ಫಾಲೂದಾ ಕೂಡ ಹಿಂದೆ ‘ಪಾಲೂದಗ್’ ಆಗಿ, ಅರಬ್ಬಿಯಲ್ಲಿ ‘ಫಾಲೂದಜ್’ ಆಗಿ, ಬಾಲ ಕಳೆದುಕೊಂಡು ಬಂದದ್ದೇ. ಒಂದೇ ಮನೆತನದ ಮಕ್ಕಳಿಗೆ ಒಂದೇ ಮೂಗು ಇರುವಂತೆ, ಒಂದೇ ಭಾಷೆಯಿಂದ ಹೊರಟ ಪದಗಳಿಗೂ ಒಂದೇ ಗುರುತು ಇರುತ್ತದೆ. ಆ ಗುರುತನ್ನು ಹಿಡಿದೇ ಭಾಷಾಶಾಸ್ತ್ರಜ್ಞರು ಸಮೋಸದ ತವರನ್ನು ಇರಾನ್ ಎಂದು ನಿಶ್ಚಯಿಸುತ್ತಾರೆ.

ಅರ್ಥವೇನು? ಸಂಬೂಸಾ ಎಂದರೆ ಮೂರು ಮೂಲೆಯ ಹಿಟ್ಟಿನ ತಿನಿಸು ಎಂದೇ ನಿಘಂಟುಗಳು ಹೇಳುತ್ತವೆ. ಅಂದರೆ ರುಚಿಯಿಂದಲ್ಲ, ಆಕಾರದಿಂದಲೇ ಈ ತಿಂಡಿ ಗುರುತಾದದ್ದು. ಪರ್ಷಿಯನ್ನಿನಲ್ಲಿ ‘ಸೆ’ ಎಂದರೆ ಮೂರು ಎಂಬುದನ್ನು ಹಿಡಿದು, ಹೆಸರಿನ ಮೊದಲ ಅಕ್ಷರವೇ ಮೂರನ್ನು ಸೂಚಿಸುತ್ತದೆ ಎನ್ನುವವರೂ ಉಂಟು. ಕೇಳಲು ಸೊಗಸಾದ ಮಾತು. ಆದರೆ ಹಳೆಯ ರೂಪ ‘ಸಂ’ ಎಂದೇ ಆರಂಭವಾಗುವುದರಿಂದ ಆ ವಾದ ಸುಲಭವಾಗಿ ನಿಲ್ಲುವುದಿಲ್ಲ. ಹಾಗೆಯೇ ‘ಸಮ’ ಎಂಬ ಸಂಸ್ಕೃತ ಪದದ ನೆನಪು ಬಂದೊಡನೆ ಹಿಗ್ಗುವವರು ಕೂಡ ‘ಬ’ಕಾರವಿದ್ದ ಹಳೆಯ ರೂಪವನ್ನು ಮರೆಯಬಾರದು. ಕಿವಿಗೆ ಒಂದೇ ಎನಿಸಿದ ಮಾತ್ರಕ್ಕೆ ಎರಡು ಪದಗಳು ಬಂಧುಗಳಾಗುವುದಿಲ್ಲ.

ಖಲೀಫನ ಔತಣದಲ್ಲಿ ಕಾವ್ಯ

ಬರಹದಲ್ಲಿ ಈ ತಿಂಡಿ ಮೊದಲು ಮೆರೆದದ್ದು ಅಡಿಗೆಯ ಪುಸ್ತಕದಲ್ಲಲ್ಲ, ಕವಿತೆಯಲ್ಲಿ. 9ನೆಯ ಶತಮಾನದಲ್ಲಿ ಬಾಗ್ದಾದಿನ ಅಬ್ಬಾಸೀ ಖಲೀಫರ ಆಸ್ಥಾನದಲ್ಲಿ ಇಸ್ಹಾಕ್ ಅಲ್ ಮೌಸಿಲೀ ಎಂಬ ಪ್ರಖ್ಯಾತ ಗಾಯಕನಿದ್ದ. 850ರಲ್ಲಿ ತೀರಿಕೊಂಡ ಆತ ಸಂಗೀತದಲ್ಲಿ ಎಷ್ಟು ನಿಪುಣನೋ ಊಟದಲ್ಲಿಯೂ ಅಷ್ಟೇ ರಸಿಕ. ಸಂಬೂಸಜ್ ಮಾಡುವ ಕ್ರಮವನ್ನು ಅವನು ಪದ್ಯದಲ್ಲಿ ಕಟ್ಟಿದ. ಒಳ್ಳೆಯ ಮಾಂಸವನ್ನು ಆರಿಸುವುದು, ಈರುಳ್ಳಿ ಹೆಚ್ಚುವುದು, ಸಂಬಾರ ಬೆರೆಸುವುದು, ತೆಳುವಾದ ಹಿಟ್ಟಿನಲ್ಲಿ ಸುತ್ತಿ ಅಂಚು ಮುಚ್ಚುವುದು, ಹದವರಿತು ಕರಿಯುವುದು, ಕಡೆಗೆ ಸಾಸಿವೆಯ ಜೊತೆ ತಿನ್ನುವುದು — ಎಲ್ಲವೂ ಅದರಲ್ಲಿವೆ. ಅವನು ಸತ್ತು ಸುಮಾರು ನೂರು ವರ್ಷಗಳಾದ ಮೇಲೆ, ಖಲೀಫ ಅಲ್ ಮುಸ್ತಕ್ಫಿಯ ಒಡ್ಡೋಲಗದಲ್ಲಿ ತಿಂಡಿತಿನಿಸುಗಳನ್ನು ಕುರಿತ ಪದ್ಯಗಳನ್ನು ಓದುವ ಕೂಟವೊಂದು ನಡೆದಾಗ ಈ ಪದ್ಯವನ್ನೂ ಓದಿದರು. ಇತಿಹಾಸಕಾರ ಅಲ್ ಮಸೂದಿ ಇದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟದ್ದರಿಂದ ನಮ್ಮ ಕಾಲದವರೆಗೂ ಉಳಿದು ಬಂದಿದೆ.

1226ರಲ್ಲಿ ಬಾಗ್ದಾದಿನ ಮುಹಮ್ಮದ್ ಬಿನ್ ಹಸನ್ ಎಂಬಾತ ಅಡಿಗೆಯ ಪುಸ್ತಕವೊಂದನ್ನು ಬರೆದ. ಅದರಲ್ಲಿ ಸಂಬೂಸಜ್‌ಗೆ ಮಾಂಸದ ಹೂರಣವೇ ಅಲ್ಲದೆ, ಸಕ್ಕರೆ ಮತ್ತು ಬಾದಾಮಿಯ ಹೂರಣವೂ ಹಲ್ವದ ಹೂರಣವೂ ಹೇಳಲ್ಪಟ್ಟಿವೆ. ಸಿಹಿ ಸಮೋಸವೆಂದರೆ ಈಚಿನ ಮಿಠಾಯಿ ಅಂಗಡಿಗಳ ಆವಿಷ್ಕಾರವೆಂದು ತಿಳಿದವರು ಇದನ್ನು ಗಮನಿಸಬೇಕು. ನಮ್ಮ ಕರ್ಜಿಕಾಯಿಯನ್ನು ಬಲ್ಲವರಿಗೆ ಆ ಬಾಗ್ದಾದಿನ ಸಿಹಿ ತಿನಿಸು ದೂರದ ನೆಂಟನಂತೆ ಕಂಡರೆ ಆಶ್ಚರ್ಯವಿಲ್ಲ. ಆ ಪುಸ್ತಕ ಹುಟ್ಟಿ 32 ವರ್ಷಗಳಾಗುವಷ್ಟರಲ್ಲಿ, 1258ರಲ್ಲಿ, ಮಂಗೋಲರು ಬಾಗ್ದಾದನ್ನು ಸೂರೆಗೊಂಡರು. ಅರಮನೆಗಳು ಉರಿದುವು, ಗ್ರಂಥಾಲಯಗಳು ನಾಶವಾದುವು. ಆದರೆ ಪರ್ಷಿಯನ್ ನುಡಿಯ ಪಂಡಿತರು, ಕುಶಲಕರ್ಮಿಗಳು, ಸೈನಿಕರು ಮಂಗೋಲರ ದಾಳಿಗೆ ಹೆದರಿ ಗುಂಪುಗುಂಪಾಗಿ ದೆಹಲಿಯ ಸುಲ್ತಾನರ ಆಶ್ರಯವನ್ನು ಅರಸಿ ಬಂದರು. ಹಾಗೆ ಬಂದವರ ಬಾಯಿರುಚಿಯನ್ನು ಯಾವ ದಾಳಿಕಾರನೂ ಕಿತ್ತುಕೊಳ್ಳಲಾರದೆ ಹೋದ.

‘ಬ’ಕಾರ ಬಿದ್ದುಹೋದದ್ದು

ದೆಹಲಿಯಲ್ಲಿ ಸಮೋಸಕ್ಕೆ ಮೊದಲು ದೊರೆತದ್ದು ಶ್ರೀಮಂತರ ಪಂಕ್ತಿ. 1253ರಲ್ಲಿ ಹುಟ್ಟಿ 1325ರಲ್ಲಿ ಕಾಲವಾದ ಕವಿ ಅಮೀರ್ ಖುಸ್ರು, ದೆಹಲಿಯ ಗಣ್ಯರು ಮಾಂಸ, ತುಪ್ಪ, ಈರುಳ್ಳಿ ಸೇರಿಸಿದ ಸಮೋಸವನ್ನು ಪ್ರೀತಿಯಿಂದ ತಿನ್ನುತ್ತಿದ್ದುದನ್ನು ಹೇಳಿದ್ದಾನೆ. ಅವನ ಹೆಸರಿನಲ್ಲಿ ಉತ್ತರ ಭಾರತದಲ್ಲಿ ಒಂದು ಒಗಟೂ ಪ್ರಚಾರದಲ್ಲಿದೆ. ಸಮೋಸವನ್ನು ತಿನ್ನದಿರಲು, ಪಾದರಕ್ಷೆಯನ್ನು ಮೆಟ್ಟದಿರಲು ಕಾರಣವೇನೆಂದು ಒಗಟು ಕೇಳುತ್ತದೆ. ಎರಡಕ್ಕೂ ಉತ್ತರ ಒಂದೇ: ‘ತಲಾ’ ಇರಲಿಲ್ಲ. ಹಿಂದಿಯಲ್ಲಿ ‘ತಲಾ’ ಎಂದರೆ ಕರಿದದ್ದು ಎಂದೂ ಆಗುತ್ತದೆ, ಪಾದರಕ್ಷೆಯ ಅಟ್ಟೆ ಎಂದೂ ಆಗುತ್ತದೆ. ಮಕ್ಕಳ ಬಾಯಲ್ಲಿ ಒಗಟಾಗಿ ಕುಣಿಯುವ ತಿಂಡಿ ಅರಮನೆಯ ಗೋಡೆ ದಾಟಿ ಬೀದಿಗೆ ಬಂದಿದೆಯೆಂದೇ ಅರ್ಥ.

ಹೆಸರಿನ ಕಥೆಗೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಕೊಟ್ಟವನು ಮೊರೊಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ. 1333ರಲ್ಲಿ ಅವನು ಸಿಂಧೂನದಿಯನ್ನು ಮುಟ್ಟಿ, ಮುಲ್ತಾನದ ಮಾರ್ಗವಾಗಿ ಮುಹಮ್ಮದ್ ಬಿನ್ ತುಘಲಕನ ದೆಹಲಿಗೆ ಹೊರಟ. ದಾರಿಯಲ್ಲಿ ತನಗೆ ಬಡಿಸಿದ ಊಟದ ಕ್ರಮವನ್ನು ಅವನು ಒಂದೊಂದಾಗಿ ಹೇಳುತ್ತಾನೆ. ರೊಟ್ಟಿ ಬಂತು, ಸುಟ್ಟ ಮಾಂಸ ಬಂತು, ತುಪ್ಪದಲ್ಲಿ ಈರುಳ್ಳಿ ಮತ್ತು ಹಸಿ ಶುಂಠಿಯೊಡನೆ ಬೇಯಿಸಿದ ಮಾಂಸ ಬಂತು. ಆಮೇಲೆ ಬಂದದ್ದು ಬಾದಾಮಿ, ಅಕ್ರೋಟು, ಪಿಸ್ತಾ, ಈರುಳ್ಳಿ, ಸಂಬಾರಗಳೊಡನೆ ಬೆಂದ ಕೊಚ್ಚಿದ ಮಾಂಸವನ್ನು ತೆಳು ರೊಟ್ಟಿಯೊಳಗಿಟ್ಟು ತುಪ್ಪದಲ್ಲಿ ಕರಿದ ತಿನಿಸು. ಒಬ್ಬೊಬ್ಬನ ಮುಂದೆ ನಾಲ್ಕೋ ಐದೋ ಇಡುತ್ತಿದ್ದರಂತೆ. ಅದಾದ ನಂತರ ತುಪ್ಪದ ಅನ್ನ, ಅದರ ಮೇಲೆ ಕೋಳಿ.

ಇಲ್ಲಿ ಗಮನಿಸಬೇಕಾದದ್ದು ಊಟದ ವೈಭವವನ್ನಲ್ಲ. ಇಬ್ನ್ ಬತೂತನಿಗೆ ತಾಯ್ನುಡಿ ಅರಬ್ಬಿ. ‘ಸಂಬೂಸಕ್’ ಎಂಬ ರೂಪ ಅರಬ್ಬಿಯಲ್ಲಿ ಶತಮಾನಗಳಿಂದ ಬಳಕೆಯಲ್ಲಿತ್ತು. ಹಾಗಿದ್ದೂ ಅವನು ಆ ತಿಂಡಿಯನ್ನು ಇಲ್ಲಿನವರು ಕರೆಯುವ ಹೆಸರೆಂದು ಬರೆಸಿದ್ದು ‘ಸಮೂಸಕ್’ ಎಂದು. ‘ಬ’ಕಾರ ಮಾಯವಾಗಿದೆ!

ಅದು ಹೇಗೆ ಮಾಯವಾಯಿತು? ಉತ್ತರ ಭಾರತದ ನುಡಿಗಳಿಗೆ ಒಂದು ಅಭ್ಯಾಸವುಂಟು. ‘ಮ’ಕಾರಕ್ಕೆ ಅಂಟಿ ನಿಂತ ‘ಬ’ಕಾರವನ್ನು ಅವು ಎಷ್ಟೋ ಸಲ ನುಂಗಿಬಿಡುತ್ತವೆ. ಸಂಸ್ಕೃತದಲ್ಲಿ ಬೇವಿಗೆ ‘ನಿಂಬ’ ಎಂದು ಹೆಸರು. ಹಿಂದಿಯಲ್ಲಿ ಅದು ‘ನೀಮ್’. ನೇರಳೆ ಹಣ್ಣು ಸಂಸ್ಕೃತದಲ್ಲಿ ‘ಜಂಬು’, ಹಿಂದಿಯಲ್ಲಿ ‘ಜಾಮುನ್’. ಜಂಬುವಿನ ‘ಬ’ಕಾರ ಹೋದ ಜಾಡಿನಲ್ಲಿಯೇ ಸಂಬೂಸಾದ ‘ಬ’ಕಾರವೂ ಹೋಯಿತೆನ್ನಬಹುದು. ಯಾವ ರಾಜಾಜ್ಞೆಯೂ ಅದನ್ನು ತೆಗೆಯಲಿಲ್ಲ, ಯಾವ ಪಂಡಿತಮಂಡಲಿಯೂ ನಿರ್ಧರಿಸಲಿಲ್ಲ. ಬಿಸಿ ತಿಂಡಿಯನ್ನು ಬಾಯಲ್ಲಿಟ್ಟುಕೊಂಡು ಮತ್ತೊಂದು ಬೇಕೆಂದು ಕೇಳಿದ ಜನರೇ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ವಿದೇಶೀ ಪದವೊಂದು ಈ ನೆಲದ ಪೌರತ್ವ ಪಡೆಯುವ ಬಗೆ ಇದು.

ಅಕ್ಬರನ ಅಡಿಗೆಮನೆಯ ದಾಖಲೆ

ಮಾಳ್ವದ ರಾಜಧಾನಿ ಮಾಂಡುವಿನಲ್ಲಿ 1469ರಿಂದ 1500ರವರೆಗೆ ಆಳಿದ ಘಿಯಾಸ್ ಶಾಹ ಎಂಬ ಸುಲ್ತಾನನಿಗೆ ಯುದ್ಧಕ್ಕಿಂತ ಊಟದಲ್ಲಿ ಹೆಚ್ಚು ಆಸಕ್ತಿ. ಅವನಿಗಾಗಿ ಆರಂಭವಾಗಿ ಅವನ ಮಗ ನಾಸಿರ್ ಶಾಹನ ಕಾಲದಲ್ಲಿ ಮುಗಿದ ‘ನಿಅಮತ್ ನಾಮಾ’ ಎಂಬ ಸಚಿತ್ರ ಪಾಕಶಾಸ್ತ್ರ ಗ್ರಂಥದ ಹಸ್ತಪ್ರತಿ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಸಮೋಸದ ಹಲವು ಬಗೆಗಳನ್ನು ಹೇಳಿದೆ. ಮೀಸೆ ಹೊತ್ತ ಸುಲ್ತಾನನ ಮುಂದೆ ಪರಿಚಾರಕರು ಸಮೋಸ ಸಿದ್ಧಪಡಿಸುತ್ತಿರುವ ಚಿತ್ರವೂ ಇದೆ. ಸಮೋಸಕ್ಕೆ ಇಂಥ ರಾಜಮರ್ಯಾದೆ ಮತ್ತೆ ದೊರೆತದ್ದು ಮೊಗಲರ ಅರಮನೆಯಲ್ಲಿ.

ಸುಮಾರು 1590ರ ವೇಳೆಗೆ ಅಕ್ಬರನ ಮಂತ್ರಿ ಅಬುಲ್ ಫಜಲ್ ತನ್ನ ‘ಐನೆ ಅಕ್ಬರಿ’ಯಲ್ಲಿ ಬಾದಶಹನ ಅಡಿಗೆಮನೆಯ ಲೆಕ್ಕವನ್ನೂ ಬರೆದಿಟ್ಟ. ಅದರಲ್ಲಿ ಒಂದು ಬಾಬ್ತು ಹೀಗಿದೆ: ಮಾಂಸ 10 ಸೇರು, ನಯವಾದ ಗೋದಿಹಿಟ್ಟು 4 ಸೇರು, ತುಪ್ಪ 2 ಸೇರು, ಈರುಳ್ಳಿ 1 ಸೇರು, ಹಸಿ ಶುಂಠಿ ಕಾಲು ಸೇರು, ಉಪ್ಪು ಅರ್ಧ ಸೇರು, ಮೇಲೆ ಮೆಣಸು, ಕೊತ್ತಂಬರಿ, ಏಲಕ್ಕಿ, ಜೀರಿಗೆ, ಲವಂಗ, ಹುಳಿಗೆ ಸುಮಾಕ್ ಎಂಬ ಕಾಯಿಯ ಪುಡಿ ಕಾಲು ಸೇರು. ಇದನ್ನು ಇಪ್ಪತ್ತು ಬಗೆಗಳಲ್ಲಿ ಮಾಡಬಹುದೆಂದೂ ಈ ಅಳತೆಗೆ ನಾಲ್ಕು ತುಂಬಿದ ಪಾತ್ರೆಗಳಾಗುವುವೆಂದೂ ಆತ ಸೇರಿಸುತ್ತಾನೆ.

ಆ ಬಾಬ್ತಿನ ಶೀರ್ಷಿಕೆಯೇ ಈ ಕಥೆಯ ತಿರುಳು. ಅಬುಲ್ ಫಜಲ್ ತಿಂಡಿಯನ್ನು ‘ಕುತಾಬ್’ ಎಂದು ಕರೆದು, ಹಿಂದ್ ದೇಶದ ಜನ ಇದನ್ನು ಸಂಬೂಸಾ ಎನ್ನುತ್ತಾರೆ ಎಂದು ವಿವರಿಸುತ್ತಾನೆ. ಪರ್ಷಿಯನ್ ಭಾಷೆಯಲ್ಲಿ ಬರೆಯುತ್ತಿದ್ದ ಪಂಡಿತನೊಬ್ಬ, ಪರ್ಷಿಯನ್ ಪದವೊಂದನ್ನು ಹಿಂದೂಸ್ಥಾನದ ಜನರ ಪದವೆಂದು ಗುರುತಿಸುತ್ತಿದ್ದಾನೆ! ಮಧ್ಯಏಷ್ಯದಿಂದ ಬಂದ ಮೊಗಲರ ಆಸ್ಥಾನದಲ್ಲಿ ಆಗ ಬಳಕೆಯಲ್ಲಿದ್ದ ಹೆಸರು ಬೇರೆ. ಅವರಿಗಿಂತ ಮುನ್ನೂರು ವರ್ಷ ಮೊದಲೇ ಬಂದು ನೆಲೆಯೂರಿದ್ದ ‘ಸಂಬೂಸಾ’ ಅವರ ಕಿವಿಗೆ ದೇಶೀ ಪದವಾಗಿಯೇ ಕೇಳಿಸಿತು. ಮೊದಲು ಬಂದ ಅತಿಥಿ, ಬಳಿಕ ಬಂದವನ ಕಣ್ಣಿಗೆ ಮನೆಯವನೇ ಆಗಿದ್ದ.

ಕುತಾಬ್ ಎಂಬ ಹೆಸರು ಇನ್ನೂ ಅಳಿದಿಲ್ಲ. ಅಜರ್‌ಬೈಜಾನಿನಲ್ಲಿ ಹೂರಣವಿಟ್ಟು ಅರ್ಧಚಂದ್ರಾಕಾರವಾಗಿ ಮಡಿಸಿದ ತೆಳು ರೊಟ್ಟಿಗೆ ಆ ಹೆಸರಿದೆ. ಇರಾನಿನ ಯಜ್ದ್ ಪಟ್ಟಣದಲ್ಲಿ ಬಾದಾಮಿಯ ಹೂರಣದ ಸಿಹಿ ಕರಿದ ತಿಂಡಿಯನ್ನು ‘ಕೊತ್ತಾಬ್’ ಎನ್ನುತ್ತಾರೆ. ನಮ್ಮಲ್ಲಿ ಮಾತ್ರ ಬಾದಶಹನ ಕಚೇರಿಯ ಹೆಸರು ಸೋತಿತು, ಬೀದಿಯ ಹೆಸರು ಗೆದ್ದಿತು.

ಕೊಂಬಿನ ಕಾಯಿ

ಹಾಗಾದರೆ ಕಲ್ಕತ್ತೆಯ ನೆಂಟರ ಮಾತು ಸುಳ್ಳೇ? ಅಲ್ಲ. ಬಂಗಾಳ, ಒರಿಸ್ಸ, ಬಿಹಾರದ ಕೆಲವು ಭಾಗಗಳಲ್ಲಿ ಸಮೋಸಕ್ಕೆ ಬೇರೆಯೇ ಹೆಸರು: ಶಿಂಗಾಡಾ, ಸಿಂಗಡಾ, ಸಿಂಘಾಡಾ. ಇದರ ಮೂಲ ಸಂಸ್ಕೃತದ ‘ಶೃಂಗಾಟಕ’. ಕೆರೆಗಳಲ್ಲಿ ಬೆಳೆಯುವ, ಕೊಂಬುಗಳುಳ್ಳ ಮುಮ್ಮೂಲೆಯ ಕಾಯಿಗೆ ಆ ಹೆಸರು. ‘ಶೃಂಗ’ ಎಂದರೆ ಕೊಂಬು ಎಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಹೊಸ ತಿಂಡಿಯನ್ನು ಕಂಡ ಪೂರ್ವದೇಶದ ಜನ ತಮ್ಮ ಕೆರೆಯ ಕಾಯಿಯನ್ನು ನೆನೆದು ಅದಕ್ಕೆ ಹೆಸರಿಟ್ಟರು. 16ನೆಯ ಶತಮಾನದ ವೈದ್ಯಗ್ರಂಥ ‘ಭಾವಪ್ರಕಾಶ’ದಲ್ಲಿಯೂ ಮಾಂಸದ ಹೂರಣವನ್ನು ಹಿಟ್ಟಿನಲ್ಲಿಟ್ಟು ತುಪ್ಪದಲ್ಲಿ ಬೇಯಿಸುವ ತಿನಿಸಿಗೆ ‘ಶೃಂಗಾಟಕ’ ಎಂಬ ಹೆಸರೇ ಇದೆ.

ಹೀಗೆ ಹಿಂದೂಸ್ಥಾನದಲ್ಲಿ ಒಂದೇ ತಿಂಡಿಗೆ ಎರಡು ವಂಶದ ಹೆಸರುಗಳಾದುವು. ಒಂದು ತಿಂಡಿಯ ಜೊತೆಗೇ ಬಂದದ್ದು, ಇನ್ನೊಂದು ಇಲ್ಲಿಯೇ ಇಟ್ಟದ್ದು. ಸೋಜಿಗವೆಂದರೆ ಎರಡರ ದೃಷ್ಟಿಯೂ ಮೂಲೆಗಳ ಮೇಲೆಯೇ. ಹೈದರಾಬಾದಿನವರು ಮಾತ್ರ ಚಚ್ಚೌಕವಾಗಿ ಕತ್ತರಿಸಿದ ‘ಲುಖ್ಮಿ’ಯನ್ನು ಮಾಡಿ, ಹೆಸರನ್ನೂ ಆಕಾರವನ್ನೂ ಒಟ್ಟಿಗೆ ಬದಲಿಸಿದರು. ‘ಲುಕ್ಮಾ’ ಎಂದರೆ ತುತ್ತು.

ಹೂರಣವಿಟ್ಟು ಕರಿಯುವ ಕಲೆ ಪರದೇಶದವರೇ ಕಲಿಸಿದ್ದೆಂದು ಭಾವಿಸಬೇಕಾಗಿಲ್ಲ. ಕರಿಗಡುಬು, ಕರ್ಜಿಕಾಯಿಗಳ ನಾಡಿನಲ್ಲಿ ಆ ಮಾತು ಒಪ್ಪುವುದೂ ಇಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಡೆ, ಪೂರಿಗಳಂಥ ಕರಿದ ಭಕ್ಷ್ಯಗಳ ವರ್ಣನೆಯುಂಟು. ಬಾಣಲೆಯೂ ಇತ್ತು, ತುಪ್ಪವೂ ಇತ್ತು, ಕೈಚಳಕವೂ ಇತ್ತು. ಆದ್ದರಿಂದಲೇ ಬಂದ ತಿಂಡಿಗೆ ಇಲ್ಲಿ ಅಷ್ಟು ಬೇಗ ಆಸನ ಸಿಕ್ಕಿತು. ಭಾರತದ ಆಹಾರದ ಇತಿಹಾಸವನ್ನು ಶೋಧಿಸಿ 1994ರಲ್ಲಿ ಮಹತ್ತ್ವದ ಗ್ರಂಥವನ್ನು ಪ್ರಕಟಿಸಿದ ವಿಜ್ಞಾನಿ ಕೆ. ಟಿ. ಅಚ್ಚಯ್ಯನವರು ಖುಸ್ರು, ಇಬ್ನ್ ಬತೂತ, ಅಬುಲ್ ಫಜಲರ ಇಂಥ ಉಲ್ಲೇಖಗಳನ್ನು ಹೆಕ್ಕಿ ಸಾಮಾನ್ಯ ಓದುಗರ ಮುಂದಿಟ್ಟವರು. ಅವರು ಹುಟ್ಟಿದ್ದು ನಮ್ಮ ಕೊಳ್ಳೇಗಾಲದಲ್ಲಿ.

ಆಲೂಗೆಡ್ಡೆಯ ಆಗಮನ

ಇಷ್ಟು ಹೊತ್ತು ಓದಿದ ವಾಚಕರು ಒಂದನ್ನು ಗಮನಿಸಿರಬೇಕು. ಬಾಗ್ದಾದಿನಲ್ಲಿ, ಮುಲ್ತಾನದಲ್ಲಿ, ಅಕ್ಬರನ ಅಡಿಗೆಮನೆಯಲ್ಲಿ ಎಲ್ಲಿಯೂ ಆಲೂಗೆಡ್ಡೆಯ ಸುದ್ದಿಯಿಲ್ಲ. ಮೆಣಸಿನಕಾಯಿಯ ಸುದ್ದಿಯೂ ಇಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಇತ್ತ ತಲೆಹಾಕಿದುವು. ಆಲೂಗೆಡ್ಡೆಯ ಬೇಸಾಯ ದೇಶದಲ್ಲಿ ವ್ಯಾಪಕವಾಗಿ ಹರಡಿದ್ದು 18 ಮತ್ತು 19ನೆಯ ಶತಮಾನಗಳಲ್ಲಿ. ಅಲ್ಲಿಯವರೆಗೆ ಖಾರಕ್ಕೆ ಮೆಣಸು, ಶುಂಠಿ. ಹೂರಣಕ್ಕೆ ಬಹುಮಟ್ಟಿಗೆ ಮಾಂಸ.

ಆಲೂಗೆಡ್ಡೆ ಸಮೋಸವನ್ನು ಎರಡು ಬಗೆಯಲ್ಲಿ ಬಿಡುಗಡೆ ಮಾಡಿತು. ಮಾಂಸ ತಿನ್ನದವರ ಮನೆಗೆ ಅದಕ್ಕೆ ಪ್ರವೇಶ ಸಿಕ್ಕಿತು. ಬಾದಾಮಿ ಪಿಸ್ತಾಗಳಿಗೆ ಹಣವಿಲ್ಲದವರ ಕೈಗೂ ಅದು ಎಟುಕಿತು. ಸುಲ್ತಾನನ ತಿಂಡಿ ರೈಲ್ವೆ ನಿಲ್ದಾಣದ ತಿಂಡಿಯಾಯಿತು. ಸುಮಾಕಿನ ಹುಳಿಯಿದ್ದ ಕಡೆ ಒಣ ಮಾವಿನಪುಡಿ ಬಂತು. ಆಲೂಗೆಡ್ಡೆಯಿಲ್ಲದ ಸಮೋಸವನ್ನು ಊಹಿಸಲೂ ಆಗದ ಸ್ಥಿತಿ ಒದಗಿತು. 1990ರ ದಶಕದಲ್ಲಿ ಬಿಹಾರದ ಚುನಾವಣೆಗಳಲ್ಲಿ ‘ಆಲೂ’ವಿಗೆ ‘ಲಾಲೂ’ ಎಂದು ಪ್ರಾಸ ಕಟ್ಟಿ, ಸಮೋಸದಲ್ಲಿ ಆಲೂಗೆಡ್ಡೆ ಇರುವ ತನಕ ತಮ್ಮ ನಾಯಕನೂ ಇರುತ್ತಾನೆಂದು ಬೆಂಬಲಿಗರು ಘೋಷಣೆ ಕೂಗಿದರು. ಅವರು ಶಾಶ್ವತವೆಂದು ನಂಬಿದ ಆ ಗೆಡ್ಡೆ, ಸಮೋಸದ ಆಯುಷ್ಯದಲ್ಲಿ ಈಚೆಗೆ ಬಂದ ಬಾಡಿಗೆದಾರ!

ಬೆಂಗಳೂರಿನ ಚಹದಂಗಡಿಗಳಲ್ಲಿ ಸಿಗುವ ಈರುಳ್ಳಿ ಸಮೋಸ ಇನ್ನೊಂದು ಶಾಖೆ. ಅದರ ಹೊದಿಕೆ ದಪ್ಪನಾದ ಮೈದಾ ಹಿಟ್ಟಿನದಲ್ಲ. ತೆಳುವಾಗಿ ಲಟ್ಟಿಸಿ ಅರೆಬೇಯಿಸಿದ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ, ಮಡಿಕೆಯ ಮೇಲೆ ಮಡಿಕೆ ಹಾಕಿ, ಅಂಚಿಗೆ ಮೈದಾ ಅಂಟು ಸವರಿ ಮುಚ್ಚುತ್ತಾರೆ. ಇಬ್ನ್ ಬತೂತ ಹೇಳಿದ ತೆಳು ರೊಟ್ಟಿಯ ಹೊದಿಕೆ ನೆನಪಾಗುವುದು ಪೊಟ್ಟಣದಂತೆ ಉಬ್ಬಿದ ಆಲೂಗೆಡ್ಡೆ ಸಮೋಸವನ್ನು ಕಂಡಾಗಲ್ಲ, ಗರಿಗರಿಯಾದ ಈ ಚಿಕ್ಕ ಸಮೋಸವನ್ನು ಮುರಿದಾಗ.

ಒಂದು ಅಕ್ಷರದ ರಹದಾರಿ

ಇಲ್ಲಿಂದ ಮುಂದೆ ಹೆಸರು ಕಡಲನ್ನು ದಾಟಿತು. ಆ ಪ್ರಯಾಣದ ನಕ್ಷೆ ಬರೆಯಲು ‘ಬ’ಕಾರವೊಂದೇ ಸಾಕು. ಅರಬ್ ದೇಶಗಳಲ್ಲಿ ಸಂಬೂಸಕ್, ಇರಾನಿನಲ್ಲಿ ಸಂಬೂಸೆ, ತಾಜಿಕಿಸ್ತಾನದಲ್ಲಿ ಸಂಬೂಸಾ, ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿಯೂ ಇಥಿಯೋಪಿಯದಲ್ಲಿಯೂ ಸಂಬುಸಾ, ಸೊಮಾಲಿಯದಲ್ಲಿ ಸಂಬೂಸ್ — ಇವೆಲ್ಲ ‘ಬ’ಕಾರವನ್ನು ಉಳಿಸಿಕೊಂಡ ಬಳಗ. ಭಾರತದ ದಾರಿಯಾಗಿ ಹೋದ ಹೆಸರುಗಳಲ್ಲಿ ಅದು ಇಲ್ಲ. ಪೋರ್ಚುಗೀಸರು ಗೋವೆಯಲ್ಲಿ ಇದನ್ನು ‘ಚಮೂಸಾ’ ಎಂದು ಕರೆದು, ಮೊಜಾಂಬಿಕ್ ಮತ್ತು ಲಿಸ್ಬನ್ನಿಗೂ ಕೊಂಡೊಯ್ದರು. 1860ರಿಂದ ಕಬ್ಬಿನ ತೋಟಗಳ ಕೂಲಿಗಾಗಿ ನೇಟಾಲಿಗೆ ಭಾರತೀಯರು ಹೋದ ದಕ್ಷಿಣ ಆಫ್ರಿಕದಲ್ಲಿ ಅದು ‘ಸಮೂಸಾ’. ಬರ್ಮದಲ್ಲಿಯೂ ‘ಸಮೂಸಾ’, ಅಲ್ಲಿ ಅದನ್ನು ಕತ್ತರಿಸಿ ಈರುಳ್ಳಿ, ಎಲೆಕೋಸುಗಳೊಡನೆ ಕಲಸಿ ತಿನ್ನುವ ಪದ್ಧತಿಯೂ ಉಂಟು. ಉಜ್ಬೆಕರ ‘ಸೊಮ್ಸಾ’ ಮಾತ್ರ ಈ ಲೆಕ್ಕಕ್ಕೆ ಸಿಗದು. ಅವರು ತಮ್ಮದೇ ರೀತಿಯಲ್ಲಿ ಹೆಸರನ್ನು ಮೊಟಕು ಮಾಡಿ, ತಿಂಡಿಯನ್ನು ಕರಿಯುವ ಬದಲು ಒಲೆಯ ಒಳಗೋಡೆಗೆ ಅಂಟಿಸಿ ಸುಡುತ್ತಾರೆ.

ಒಂದು ತಿಂಡಿಯ ಹೆಸರಿನ ಬಗೆಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಸೊಮಾಲಿಯದಲ್ಲಿದೆ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವಾಗ ಅಲ್ಲಿನ ಬಡವರ ಮನೆಯಲ್ಲಿಯೂ ಸಂಬೂಸ್ ಇರಲೇಬೇಕು. 2011ರ ಜುಲೈ ತಿಂಗಳಲ್ಲಿ, ದೇಶ ಕ್ಷಾಮದಿಂದ ತತ್ತರಿಸುತ್ತಿದ್ದಾಗ, ದಕ್ಷಿಣದ ಊರುಗಳನ್ನು ಹಿಡಿದಿದ್ದ ಅಲ್ ಶಬಾಬ್ ಎಂಬ ಉಗ್ರರ ಪಡೆ ಸಂಬೂಸನ್ನು ನಿಷೇಧಿಸಿದೆಯೆಂದು ಜಗತ್ತಿನ ಪತ್ರಿಕೆಗಳಲ್ಲಿ ವರದಿಗಳು ಬಂದುವು. ಅದರ ಮೂರು ಮೂಲೆಗಳು ಕ್ರೈಸ್ತರ ತ್ರಿಮೂರ್ತಿ ತತ್ತ್ವವನ್ನು ಹೋಲುತ್ತವೆ ಎಂಬುದೇ ಅದಕ್ಕೆ ಕಾರಣವಾಗಿ ವರದಿಯಾದ ಮಾತು. ಬಾಗ್ದಾದಿನ ಖಲೀಫರ ಎದುರಿನಲ್ಲಿ ಹಾಡಿ ಹೊಗಳಿಸಿಕೊಂಡ ತಿಂಡಿ, ಸಾವಿರ ವರ್ಷಗಳ ಮೇಲೆ ಪರಧರ್ಮದ ಗೂಢಚಾರನೆಂಬ ಆರೋಪಕ್ಕೆ ಗುರಿಯಾಯಿತು. ಇತಿಹಾಸವನ್ನು ಮರೆತವನು ಹಸಿದವನ ಕೈಯ ತುತ್ತನ್ನೂ ಸಂಶಯದಿಂದ ನೋಡುತ್ತಾನೆ. ಇದು ನಮ್ಮದಲ್ಲ, ಅದು ಅವರದು ಎಂದು ತಟ್ಟೆಯ ನಡುವೆ ಗೆರೆ ಎಳೆಯಲು ಹೊರಟವರು ಯಾವ ದೇಶದಲ್ಲಿದ್ದರೂ ಒಂದೇ ಜಾತಿಯವರು.

ಈಗ ಮತ್ತೆ ಆ ನಡುಮನೆಗೆ ಬರಬಹುದು. ಹಿರಿಯರು ಹೇಳಿದ ಪಂಜಾಬು ಸಮೋಸದ ದಾರಿಯಲ್ಲಿ ಸಿಗುವ ಊರು. ಮುಲ್ತಾನವಿರುವುದು ಆ ಸೀಮೆಯಲ್ಲಿಯೇ. ಕಲ್ಕತ್ತೆಯ ನೆಂಟರು ಹೇಳಿದ ಶೃಂಗಾಟಕವೂ ನಿಜ. ಸೋದರಮಾವನ ಇರಾನೂ ನಿಜ. ಮೂವರೂ ಒಂದೊಂದು ಮೂಲೆಯನ್ನು ಹಿಡಿದು ವಾದಿಸುತ್ತಿದ್ದರು, ಅಷ್ಟೇ. ಇನ್ನು ಉಳಿದದ್ದು ಹುಡುಗಿಯ ಪ್ರಶ್ನೆ. ಅದಕ್ಕೆ ನಾನೂರು ವರ್ಷಗಳಿಗೂ ಹಿಂದೆಯೇ ಅಬುಲ್ ಫಜಲ್ ಉತ್ತರ ಬರೆದಿಟ್ಟಿದ್ದಾನೆ: ಹಿಂದ್ ದೇಶದ ಜನ ಇದನ್ನು ಹೀಗೆ ಕರೆಯುತ್ತಾರೆ ಎಂದು. ಎಲ್ಲಿಂದಲೋ ಬಂದ ಸೊಸೆ ಮನೆಯ ಅಡಿಗೆಯನ್ನು ಕಲಿತು, ತನ್ನ ತವರಿನ ರುಚಿಯನ್ನೂ ಅದಕ್ಕೆ ಬೆರೆಸಿ, ಕಡೆಗೆ ಆ ಮನೆಯ ಹಿರಿಯಜ್ಜಿಯಾಗುತ್ತಾಳೆ. ಆಕೆಯನ್ನು ಹೊರಗಿನವಳು ಎನ್ನುವವರು ಯಾರು?

ತಟ್ಟೆಯಲ್ಲಿ ಒಂದೇ ಸಮೋಸ ಉಳಿದಿದೆ. ನೆಂಟರು ಮರ್ಯಾದೆಗಾಗಿ ಅದರತ್ತ ನೋಡದವರಂತೆ ಕುಳಿತಿದ್ದಾರೆ. ಹುಡುಗಿ ಅದನ್ನು ಮುರಿದು ಮಾವನಿಗೆ ಅರ್ಧ ಕೊಟ್ಟು, ಉಳಿದ ಅರ್ಧವನ್ನು ತನ್ನ ಬಾಯಿಗೆ ಹಾಕಿಕೊಳ್ಳುತ್ತಾಳೆ.